ಕೊಂಬಿಲ್ಲದ ‘ರ’

ಮುಟ್ಟಬೇಡ ಅಕ್ಕ. ಇನ್ನೂ ಮುಟ್ಟಬೇಡ. ಲ್ಯಾಪ್‌ಟಾಪಲ್ಲಿ ಆ ಚಕ್ರ ಸುತ್ತೋದು ನಿಲ್ಲಲಿ... ಈಗ ನೀನು ಒಂದು ಗುಂಡಿ ಒತ್ತಿದ್ರೆ ಅದನ್ನೂ ತಲೆ ಮೇಲೆ ಹೊತ್ಕೊಂಡು ಕೂತುಬಿಡುತ್ತೆ. ಆಮೇಲೆ ಮತ್ತೆ ಮೊದಲಿಂದ. ರಿಪೇರಿ ಅಂಗಡಿಯವಳು ಹೇಳಿದ್ದು ನೆನಪಿದೆಯಾ? ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಇದಕ್ಕೆ ವಯಸ್ಸಾಗಿದೆ ಅಂದ್ಲು. ಹಾಗಂದವಳು ನನ್ನ ಮುಖ ಯಾಕೆ ನೋಡಿದ್ಲೋ ಕಾಣೆ.

ನಕ್ಕೆಯಾ? ನಗು ತಾನೆ ಅದು? ನಗು ಅಂತಲೇ ಅಂದ್ಕೋತೀನಿ. ನಗೋಕೆ ನಿಂಗೆ ಮಿಷಿನ್ ಬೇಡ, ಅಷ್ಟು ಪುಣ್ಯ.

ಇನ್ನೂ ಹೊತ್ತಿದೆ. ಮೇಡಂ ಬರೋದು ಹನ್ನೊಂದಕ್ಕೆ. ಕ್ಷೇಮ ಕಚೇರಿಯವರಿಗೆ ನಮ್ಮದೊಂದೇ ಮನೆನಾ, ಇನ್ನೂ ತಡ ಆದ್ರೂ ಆಯ್ತು. ಬಂದು ಕೇಳೋದು ಒಂದೇ ಪ್ರಶ್ನೆ. ತಂಗಿ ಮನೇಲಿ ಇರ್ತೀರಾ, ನಮ್ಮ ಆರೈಕೆ ಮನೆಗೆ ಬರ್ತೀರಾ. ಅದಕ್ಕೆ ಉತ್ತರ ನೀನೇ ಕೊಡ್ಬೇಕಂತೆ, ನಿನ್ನ ಬಾಯಿಂದಲೇ. ನಿನ್ನ ಬಾಯಿ ಅಂದ್ರೆ ಈಗ ಇದು ತಾನೆ, ಈ ಡಬ್ಬ. ಇವತ್ತು ಹೇಳಿದ್ದೇ ಕೊನೆ, ಆಮೇಲೆ ಬದಲಾಯಿಸೋ ಹಾಗಿಲ್ಲ ಅಂದ್ರು. ಬದಲಾಯಿಸೋದು ಏನಿದೆ, ಹೇಳು. ಕಳೆದ ಸಲವೇ ಹೇಳಿ ಆಗಿದೆ...

ಯಾಕೆ ಕಣ್ಣು ಮುಚ್ಕೊಂಡೆ? ಬಿಸಿಲಾ? ಇರು, ಪರದೆ ಎಳೀತೀನಿ.

ನೋಡು, ಇದರ ಕೆಳಗೆ ನಾಲ್ಕು ಮೂಲೇಲೂ ದಾರದ ರೀಲು ಇಟ್ಟಿದೀನಿ, ಗಾಳಿ ಆಡ್ಲಿ ಅಂತ. ಫ್ಯಾನ್ ಕೂಡ ಇದರ ಕಡೆನೇ ತಿರುಗಿಸಿದೀನಿ. ನಾವು ಬೆವರಿದ್ರೆ ಬೆವರೋಣ. ಮುಚ್ಚಳ ಹಿಂದಕ್ಕೆ ಬೀಳದ ಹಾಗೆ ಇಸ್ತ್ರಿ ಪೆಟ್ಟಿಗೆ ಒತ್ತು ಕೊಟ್ಟಿದೆ. ನಮ್ಮೆಜಮಾನ್ರು ಬದುಕಿದ್ದಾಗ ಈ ಲ್ಯಾಪ್‌ಟಾಪಿಗೆ ಇಷ್ಟು ಸೇವೆ ನಡೆದಿರಲಿಲ್ಲ. ಅವರಿಗೂ ನಡೆದಿರಲಿಲ್ಲ, ಬಿಡು.

ಕೇಳ್ತಿದೆಯಾ, ಕರಕರ ಅನ್ನೋ ಸದ್ದು? ಒಳಗೆ ಹುಡುಕ್ತಾ ಇದೆ. ಮೆಮೊರಿ ಅನ್ನೋದು ಇದರ ಹೊಲಿಗೆ ಮೇಜಂತೆ. ಮೇಜು ಚಿಕ್ಕದು, ಬಟ್ಟೆ ದೊಡ್ಡದು. ಒಂದು ತುದಿ ಮೇಲೆ ಎಳ್ಕೊಂಡ್ರೆ ಇನ್ನೊಂದು ತುದಿ ನೆಲಕ್ಕೆ ಬೀಳುತ್ತೆ, ಮತ್ತೆ ಬಗ್ಗಿ ಅದನ್ನ ಎತ್ಕೋಬೇಕು. ಹಾಗೆ ಎತ್ತೋದು ಇಳಿಸೋದ್ರಲ್ಲೇ ದಿನ ಕಳೀತಿದೆ ಪಾಪ, ಹೊಲಿಯೋದು ಯಾವಾಗ? ದೊಡ್ಡ ಮೇಜು ಹಾಕಿ ಅಂತ ನಾನು ಕೇಳಿದೆ. ಆಗಲ್ವಂತೆ. ಇದರಲ್ಲಿ ಮೆಮೊರಿನ ಒಳಗಡೆ ಹಲಗೆಗೇ ಬೆಸುಗೆ ಹಾಕಿಬಿಟ್ಟಿದಾರಂತೆ, ಕಿತ್ತು ಬೇರೆ ಹಾಕೋ ಹಾಗಿಲ್ಲ.

ಹಳೇ ಸಿಸ್ಟಮ್ಮೇ ಇರ್ಲಿ ಅಂತ ನಾನು ಅಂದಿದ್ದೆ ತಾನೆ? ಅದರಲ್ಲಿ ಓಡ್ತಾ ಇತ್ತು ಕುದುರೆ ಹಾಗೆ. ಆದ್ರೆ ಅದರಲ್ಲಿ ನಮ್ಮ ಅಕ್ಷರ ಬರ್ತಿರಲಿಲ್ಲ, ಸಾಲು ಸಾಲು ಚೌಕ ಬರ್ತಿತ್ತು. ನೀನು ಕಷ್ಟಪಟ್ಟು ಒಂದೊಂದೇ ಗುಂಡಿ ಒತ್ತಿ ‘ನೀರು’ ಅಂತ ಬರೆದ್ರೆ ಎರಡು ಖಾಲಿ ಚೌಕ. ಅಚ್ಚಿನ ಮನೇಲಿ ಕರಡು ತಿದ್ದಿ ತಿದ್ದಿ ಕಣ್ಣು ಸವೆಸಿದವಳು, ನಿಂಗೆ ಕಡೆಗೆ ಚೌಕ ಓದೋ ಗತಿ ಬಂತಲ್ಲ ಅಕ್ಕ. ನಮ್ಮ ಅಕ್ಷರ, ನಮ್ಮ ಮಾತಿನ ದನಿ ಬೇಕು ಅಂದ್ರೆ ಹೊಸ ಸಿಸ್ಟಮ್ಮೇ ಹಾಕ್ಬೇಕಂತೆ. ಹಾಕಿಸ್ದೆ. ನಿನಗೋಸ್ಕರನೇ ಹಾಕಿಸ್ದೆ. ಇದು ತಡ್ಕೊಳಲ್ಲ ಅಂತ ಅವಳು ಹೇಳಿದ್ರೂ ಹಾಕಿಸ್ದೆ.

ಬಂತು ನೋಡು. ನೀಲಿ ಬಂತು. ತಡಿ, ತಡಿ, ಇದನ್ನೆಲ್ಲ ಮುಚ್ತೀನಿ ಮೊದಲು. ಹವಾಮಾನ... ಕಿಟಕಿ ಇದೆಯಲ್ಲಪ್ಪ ನಮಗೆ, ಹೋಗು. ಸುದ್ದಿ, ಹೋಗು. ಇದೇನು, ‘ನಿಮಗಾಗಿ ಹೊಸದೇನಿದೆ’ ಅಂತೆ. ಏನೂ ಬೇಡ ಮಾರಾಯ, ಇರೋದನ್ನ ಸರಿಯಾಗಿ ಕೊಡು. ಅಪ್‌ಡೇಟ್ ಮಾಡ್ಲಾ ಅಂತ ಕೇಳ್ತಿದೆ. ಬೇಡ. ಆಮೇಲೆ ನೆನಪಿಸ್ಲಾ ಅಂತ ಕೇಳ್ತಿದೆ. ಬೇಡ. ಬೇಡ ಅನ್ನೋಕೆ ಗುಂಡಿನೇ ಇಲ್ಲ ನೋಡು ಇದರಲ್ಲಿ, ‘ಈಗ’ ಮತ್ತು ‘ಆಮೇಲೆ’ ಅಷ್ಟೇ.

ಸ್ಕ್ರೀನಿನ ಹಿನ್ನೆಲೇಲಿರೋ ನಮ್ಮಿಬ್ಬರ ಫೋಟೋನೂ ತೆಗೀತೀನಿ. ಪರವಾಗಿಲ್ಲ ತಾನೆ? ಅದೂ ಜಾಗ ತಿನ್ನುತ್ತಂತೆ. ಸಮುದ್ರದ ಹತ್ರ ತೆಗೆಸಿದ್ದು, ನೀನು ಇಲ್ಲಿಗೆ ಬಂದ ಮೊದಲನೇ ವರ್ಷ. ನೀನು ಮುಖ ಗಂಟು ಹಾಕಿದೀಯ, ನಾನು ಹಲ್ಲು ಕಿಸಿದೀನಿ. ತೆಗೆದೆ. ಬರೀ ಕಪ್ಪು ಈಗ.

ಮಾತಿನ ಪ್ರೋಗ್ರಾಂ ಒತ್ತಿದೀನಿ. ಚಕ್ರ ಸುತ್ತುತ್ತಿದೆ. ಕಾಯೋಣ.

ಇದೊಂದು ಚೆನ್ನಾಗಿ ಓಡಿದ್ರೆ ನೀನು ಆ ಆರೈಕೆ ಮನೆಗೆ ಹೋಗೋ ಮಾತೇ ಇರಲ್ಲ ಅಲ್ವಾ? ಅಲ್ಲೇನಿದೆ ಇಲ್ಲಿಲ್ಲದ್ದು? ಹೊಸ ಮಿಷಿನ್ ಇದೆಯಂತೆ, ಬೆರಳು ಇಟ್ಟ ತಕ್ಷಣ ಮಾತಾಡುತ್ತಂತೆ. ಅಷ್ಟೇ ತಾನೆ? ರಾತ್ರಿ ನಿನ್ನ ಮಗ್ಗುಲು ತಿರುಗಿಸೋರು ಯಾರು ಅಲ್ಲಿ? ನಿನ್ನ ಕಣ್ಣು ನೋಡಿ ಬಿಸಿನೀರು ಬೇಕಾ ತಣ್ಣೀರು ಬೇಕಾ ಅಂತ ಹೇಳೋರು ಯಾರು? ನಂಗೆ ನೀನು ಮಾತಾಡೋದೇ ಬೇಡ. ನೀನು ‘ಬಿ’ ಅಂತ ಒತ್ತೋದ್ರೊಳಗೆ ಬಿಸಿನೀರು ನಿನ್ನ ಮುಂದಿರುತ್ತೆ.

ಏನು ಆ ನೋಟ? ಬಿಸಿನೀರು ಅಲ್ವಾ? ಮತ್ತೇನು, ಬಿಸ್ಕತ್ತಾ? ಯಾವಾಗ್ಲೂ ಬಿಸಿನೀರೇ ತಾನೆ...

ಸರಿ, ಒಂದು ದಿನ ನೀನು ಬಿಳಿ ಶಾಲು ಕೇಳಿದ್ದೆ. ಒಂದು ದಿನ. ಅದನ್ನ ಇನ್ನೂ ಇಟ್ಕೊಂಡಿದೀಯಾ ಮನಸಲ್ಲಿ?

ನನ್ನ ತಪ್ಪಲ್ಲ ಅಕ್ಕ. ನೀನು ನಿಧಾನ, ಇದು ನಿನಗಿಂತ ನಿಧಾನ. ಒಂದು ಬೆರಳು ಉಳಿದಿದೆ ನಿಂಗೆ. ಆ ಒಂದು ಬೆರಳಲ್ಲೂ ಕಾಗುಣಿತ ತಪ್ಪಬಾರದು. ಒತ್ತಕ್ಷರ ಬಿಟ್ಟುಹೋದ್ರೆ ಹಿಂದೆ ಹೋಗಿ ತಿದ್ತೀಯ. ಒಂದು ಸಲ ಬೆನ್ನು ತುರಿಸು ಅಂತ ಹೇಳೋಕೆ ಕೊನೇಲಿ ಚುಕ್ಕಿ ಬೇರೆ ಇಟ್ಟೆ. ಅಷ್ಟೊತ್ತಿಗೆ ತುರಿಕೆನೇ ಹೋಗಿತ್ತೋ ಏನೋ. ಫೋನು ಕೊಟ್ರೆ ಗಾಜಿನ ಮೇಲೆ ನಿನ್ನ ಬೆರಳು ಜಾರುತ್ತೆ, ಗುಂಡಿನೇ ಬೇಕು. ರಟ್ಟಿನ ಮೇಲೆ ಅಕ್ಷರ ಬರೆದುಕೊಟ್ಟೆ, ಬೆರಳಿಡು ಸಾಕು, ನಾನು ಓದ್ತೀನಿ ಅಂತ. ಎರಡು ಅಕ್ಷರ ತೋರಿಸೋದ್ರೊಳಗೆ ನಾನು ಮಾತು ಮುಗಿಸ್ತೀನಿ ಅಂತ ನೀನು ರಟ್ಟನ್ನ ಮೇಜಿಂದ ತಳ್ಳಿಬಿಟ್ಟೆ. ಈ ಪ್ರೋಗ್ರಾಂ ಮುಂದಿನ ಪದ ತಾನೇ ಊಹೆ ಮಾಡಿ ತೋರಿಸುತ್ತಲ್ಲ, ಅದನ್ನೂ ಮೊದಲನೇ ದಿನವೇ ನಿಲ್ಲಿಸು ಅಂದೆ. ಏನು ಬರೆದೆ ಗೊತ್ತಾ ಆಗ? ‘ಮನೆಯಲ್ಲಿ ಒಬ್ಬಳಿದ್ದಾಳೆ, ಸಾಕು.’ ನಾನು ಬಿದ್ದು ಬಿದ್ದು ನಕ್ಕೆ. ತಮಾಷೆ ಅಂದ್ಕೊಂಡೆ.

ತಮಾಷೆ ತಾನೆ ಅದು?

ಇಲ್ಲಿಗೆ ಬಂದಾಗಿನಿಂದ ನಾನೇ ಅಲ್ವಾ ನಿನ್ನ ಬಾಯಿ? ಈ ಊರಿನ ಭಾಷೆ ನಿಂಗೆ ಬರ್ತಿರಲಿಲ್ಲ. ಡಾಕ್ಟರ ಹತ್ರ ನಾನೇ, ಬಸ್ಸಲ್ಲಿ ನಾನೇ, ಚಪ್ಪಲಿ ಅಂಗಡೀಲಿ ನಾನೇ. ನಾಲಿಗೆ ಬಿದ್ದುಹೋಗೋ ಮುಂಚೆನೂ ನಾನೇ. ಆಗ ಏನೂ ಅನ್ಲಿಲ್ಲ ನೀನು. ಚಪ್ಪಲಿ ಬಿಗಿ ಅಂತ ನೀನು ನನ್ನ ಕೈ ಜಗ್ತಿದ್ದೆ, ಚೆನ್ನಾಗಿದೆ ಅಂತಾಳೆ, ಕಟ್ಟಿಕೊಡಿ ಅಂತ ನಾನು ಅಂದೆ. ಹಾಕ್ಕೊಂಡೆ ತಾನೆ? ಆಮೇಲೆ ಸರಿ ಹೋಯ್ತು ತಾನೆ? ಸವೆದು ಸರಿ ಹೋಯ್ತು.

ಬರ್ತಿದೆ, ಬರ್ತಿದೆ. ಕಿಟಕಿ ತೆರೀತು. ಕೈ ಎತ್ತಬೇಡ ಇನ್ನೂ.

ಅವತ್ತೂ ಇಲ್ಲೀವರೆಗೆ ಚೆನ್ನಾಗೇ ಬಂದಿತ್ತು. ಮೇಡಂ ಇದೇ ಕುರ್ಚೀಲಿ ಕೂತಿದ್ರು. ನೀನು ಬರೀತಾ ಇದ್ದೆ. ಆಮೇಲೆ ಈ ಹಾಳು ಹೊಸ ಸಿಸ್ಟಮ್ಮು ಗಕ್ಕನೆ ನಿಂತುಬಿಡ್ತು. ನಾನೇನು ಮಾಡ್ಲಿ? ಮೇಡಂ ಗಡಿಯಾರ ನೋಡ್ಕೊಳ್ತಿದ್ರು. ಏನಂತ ಬರೆದಿದಾರೆ ಅಂತ ಕೇಳಿದ್ರು. ಅವರಿಗೆ ನಮ್ಮ ಅಕ್ಷರ ಬರಲ್ಲ. ನಾನು ಓದಿ ಹೇಳಿದೆ. ಇಲ್ಲೇ ಇರ್ತೀನಿ ಅಂತಿದಾಳೆ ಅಂದೆ. ನಿನ್ನ ತಲೆ ತಾನಾಗೇ ಅಲ್ಲಾಡುತ್ತಲ್ಲ ಈಗೀಗ, ಅವರು ಅದನ್ನ ಹೂಂ ಅಂತ ತಿಳ್ಕೊಂಡು ನಕ್ರು. ಅಷ್ಟೇ ನಡೆದಿದ್ದು. ಅದಕ್ಕೆ ಅವತ್ತಿಂದ ನೀನು ಗೋಡೆ ಕಡೆ ತಿರುಗಿ ಮಲಗೋದು, ನಾನು ಚಮಚ ತಂದ್ರೆ ತುಟಿ ಬಿಗಿ ಹಿಡಿಯೋದು...

ಇದನ್ನ ಬೀರುವಿನಲ್ಲಿ ಯಾಕಿಟ್ಟೆ ಅಂತಾನಾ? ಬಿಸಿ ಆಗಿತ್ತು. ತಣ್ಣಗಾಗ್ಲಿ ಅಂತ ಇಟ್ಟೆ. ನೀನು ದಿನಾ ಬೀರು ಕಡೆ ನೋಡ್ತಿದ್ದದ್ದು ಗೊತ್ತು ನಂಗೆ. ಸೀರೆ ಬೇಕೇನೋ ಅಂದ್ಕೊಂಡೆ.

ಅಂದ್ಕೊಂಡೆ ಕಣೆ. ನಂಬು.

ಅಯ್ಯೋ... ಇದೇನಿದು? ಖಾಲಿ ಬರುತ್ತೆ ಅಂದ್ಕೊಂಡಿದ್ದೆ. ನಿಂತ ಜಾಗದಿಂದಲೇ ಮತ್ತೆ ಶುರು ಮಾಡುತ್ತೆ ಅಂತ ಅಂಗಡಿಯವಳು ಹೇಳಿದ್ಲು, ಹೌದು. ಇದು ಇಷ್ಟು ದಿನ ಉಳಿಸಿಟ್ಟಿರುತ್ತೆ ಅಂತ ಯಾರಿಗೆ ಗೊತ್ತಿತ್ತು? ಬೇರೆ ಎಲ್ಲಾ ಮರೆಯುತ್ತೆ, ಇದನ್ನ ಹೇಗೆ...

‘ನಾನು ಇಲ್ಲಿ ಇರ’. ಅಷ್ಟೇ ಇದೆ. ಪಕ್ಕದಲ್ಲಿ ಗೆರೆ ಮಿಣುಕ್ತಾ ಇದೆ.

ಸರಿ. ಒಳ್ಳೇದೇ ಆಯ್ತು. ಅರ್ಧ ಕೆಲಸ ಆಗೇ ಇದೆ. ಮುಗಿಸು ಅಕ್ಕ. ಈಗ ಚೆನ್ನಾಗಿ ಓಡ್ತಿದೆ, ಬೇರೆ ಏನೂ ತೆರೆದಿಲ್ಲ. ಇಡು ಬೆರಳು. ಇರ್ತೀನಿ ಅಂತ ಮುಗಿಸು. ಅವರು ಬರೋದ್ರೊಳಗೆ ಸಿದ್ಧ ಇಟ್ಕೊಳ್ಳೋಣ, ಬಂದ ತಕ್ಷಣ ಒಂದು ಗುಂಡಿ ಒತ್ತಿದ್ರೆ ಅದೇ ಹೇಳುತ್ತೆ.

ಯಾಕೆ? ಕೈ ನೋಯ್ತಿದೆಯಾ?

ಮಿಷಿನ್ ನಿಂತಿಲ್ಲ ಅಕ್ಕ. ನೋಡು, ಗೆರೆ ಮಿಣುಕ್ತಾ ಇದೆ. ಅದು ನಿನಗೋಸ್ಕರ ಕಾಯ್ತಾ ಇದೆ. ಇಷ್ಟು ದಿನ ನಾವು ಇದನ್ನ ಕಾದ್ವಿ, ಈಗ ಇದು ನಮ್ಮನ್ನ ಕಾಯ್ತಿದೆ. ನಿಂಗೆ ಬೇಕಾಗಿದ್ದು ಇದೇ ತಾನೆ?

ಬರಿ. ಇರ್ತೀನಿ. ಮೂರೇ ಅಕ್ಷರ.

ಗೊತ್ತು, ಗೊತ್ತು. ‘ಇರ್ತೀನಿ’ ಅಂತ ನೀನು ಸತ್ರೂ ಬರೆಯಲ್ಲ. ಆಡೋ ಮಾತು ಬೇರೆ, ಬರೆಯೋ ಮಾತು ಬೇರೆ. ಸರಿ, ‘ಇರುತ್ತೇನೆ’ ಅಂತ ಬರಿ. ಪುಸ್ತಕದ ಹಾಗೇ ಬರಿ. ರ ಗೆ ಒಂದು ಕೊಂಬು, ಉಕಾರ, ಅಷ್ಟು ತಾನೆ ಮೊದಲು ಹಾಕಬೇಕಾದ್ದು. ಅವತ್ತೂ ಅಷ್ಟೇ ಬಾಕಿ ಇತ್ತು. ರ ಒತ್ತಿದವಳು ಕೊಂಬಿನ ಗುಂಡಿ ಕಡೆ ಹೋಗ್ಬೇಕು ತಾನೆ, ಹೋಗ್ಲಿಲ್ಲ ನೀನು. ನಿನ್ನ ಬೆರಳು ಅದನ್ನ ದಾಟಿ ಬಲಕ್ಕೆ...

ನಾನು ಗಮನಿಸ್ಲಿಲ್ಲ. ಅಂದ್ರೆ, ಗಮನಿಸೋಷ್ಟು ಹೊತ್ತೇ ಇರಲಿಲ್ಲ ಅಂದೆ. ಅಷ್ಟರಲ್ಲಿ ನಿಂತುಹೋಯ್ತಲ್ಲ ಅದು. ಫೋಟೋ ಎಲ್ಲ ತೆರ್ಕೊಂಡುಬಿಡ್ತಲ್ಲ.

ಯಾಕೆ ಹಾಗೆ ನೋಡ್ತೀಯಾ? ಮೇಡಂಗೆ ನಮ್ಮ ಹಳೇ ಫೋಟೋ ತೋರಿಸೋಣ ಅಂತ ಮುಟ್ಟಿದೆ. ಅಕ್ಕತಂಗೀರು ಎಷ್ಟು ಹೊಂದ್ಕೊಂಡಿದೀವಿ ನೋಡ್ಲಿ ಅಂತ. ಒಂದು ಮುಟ್ಟಿದ್ರೆ ಎಲ್ಲ ತೆರ್ಕೊಳ್ತು. ಅದು ತಡ್ಕೊಳಲ್ಲ ಅಂತ ನಂಗೇನು ಗೊತ್ತು?

...ಒಂದು ಸಲಕ್ಕೆ ಒಂದೇ ಕೆಲಸ. ಹೌದು. ನಂಗೇ ಹೇಳಿದ್ದು ಅವಳು.

ಏನಾದ್ರೂ ಬರಿ ಅಕ್ಕ. ಬೈದಾದ್ರೂ ಬರಿ. ಅದನ್ನ ಅಳಿಸಿ ‘ಥೂ’ ಅಂತ ಬರಿ. ಮಿಷಿನ್ ಕೆಟ್ಟಿದ್ದಾಗ ನೀನು ಸುಮ್ಮನಿದ್ರೆ ತಪ್ಪು ಮಿಷಿನ್ ಮೇಲೆ ಹಾಕ್ತಿದ್ದೆ. ಈಗ ಇದು ಓಡ್ತಾ ಇದೆ. ಈಗ ನೀನು ಸುಮ್ಮನಿದ್ರೆ ನಾನು ಯಾರ ಮೇಲೆ ಹಾಕ್ಲಿ?

‘ಇರಬೇಕು’ ಅನ್ನೋದ್ರಲ್ಲೂ ರ ಗೆ ಕೊಂಬಿಲ್ಲ. ಅಲ್ವಾ? ಇಲ್ಲಿ ಇರಬೇಕು. ಇಲ್ಲಿ ಇರಬಯಸುತ್ತೇನೆ. ಅದಕ್ಕೂ ಬರೀ ರ ನೇ. ನಾನು ಅವತ್ತಿಂದ ಅದನ್ನೇ ಹೇಳ್ಕೊಳ್ತಿದೀನಿ. ಬಟ್ಟೆ ಒಗೀವಾಗ ಹೇಳ್ಕೋತೀನಿ, ಗುಂಡಿ ಹೊಲಿಯುವಾಗ ಹೇಳ್ಕೋತೀನಿ. ಇರಬೇಕು ಅಂತಲೇ ಇತ್ತು, ಇರಬೇಕು ಅಂತಲೇ ಇತ್ತು. ಹಾಗಿದ್ರೆ ನಾನು ಮೇಡಂಗೆ ಹೇಳಿದ್ದು ಸುಳ್ಳಾಗಲ್ಲ ತಾನೆ? ನಮ್ಮ ಭಾಷೇಲಿ ಬೇಡ ಅನ್ನೋದು ಯಾವಾಗ್ಲೂ ಕೊನೇಲೇ ಬರೋದು. ಕೊನೆ ತನಕ ಕಾಯದೆ ಯಾರಿಗೂ ಗೊತ್ತಾಗಲ್ಲ. ನಂಗೂ ಗೊತ್ತಿರಲಿಲ್ಲ ಅಂತ ಹೇಳಬಹುದು.

ಕೊನೆ ಬರೋದ್ರೊಳಗೆ ನಾನೇ ನಿಲ್ಲಿಸ್ದೆ.

ಬೆಳಿಗ್ಗೆ ಮೇಡಂ ಫೋನ್ ಮಾಡಿದ್ರು. ನಿಂಗೆ ಹೇಳ್ಲಿಲ್ಲ. ಈ ಸಲ ಇನ್ನೊಬ್ಬರನ್ನ ಕರ್ಕೊಂಡು ಬರ್ತಾರಂತೆ, ನಮ್ಮ ಅಕ್ಷರ ಓದೋಕೆ ಬರೋರನ್ನ. ನಿಮ್ಮ ಮಿಷಿನ್ ಓಡದೇ ಇದ್ರೆ ನಾವೇ ಒಂದು ತರ್ತೀವಿ ಅಂದ್ರು. ಅದಕ್ಕೇ ಬೀರುವಿಂದ ತೆಗೆದೆ ಇದನ್ನ. ಅವರ ಹೊಸ ಮಿಷಿನ್ ಈ ಮನೆ ಒಳಗೆ ಕಾಲಿಡಬಾರದು ಅಂತ. ನಮ್ಮದೂ ಓಡುತ್ತೆ ಅಂತ ನೀನು ನೋಡಿದ್ರೆ, ಅಷ್ಟು ಸಾಕಾಗುತ್ತೇನೋ ಅಂತ...

ನೀನು ಅವರನ್ನ ಕಾಯ್ತಿದೀಯಾ? ಓದೋಕೆ ಬರೋರನ್ನ? ನಾನೂ ಓದ್ತೀನಲ್ಲ ಅಕ್ಕ. ನನಗೆ ಅ ಆ ಇ ಈ ತಿದ್ದಿಸಿದ್ದೇ ನೀನು. ನನಗೆ ಹೇಳಬಾರದಾ?

ಕೊಂಬು ನಾನು ಹಾಕ್ಲಾ? ಒಂದೇ ಒಂದು ಗುಂಡಿ. ನಾನೇ ಹಾಕಿಬಿಡ್ತೀನಿ, ಮಿಕ್ಕಿದ್ದು ತಾನಾಗೇ... ನನ್ನ ಬೆರಳು ಗುಂಡಿ ಮೇಲೇ ಇದೆ ನೋಡು. ಒತ್ಲಾ?

ನೋಡಬೇಡ ಹಾಗೆ. ತೆಗೆದೆ. ಕೈ ತೆಗೆದೆ. ಸೆರಗಿನೊಳಗೆ ಇಟ್ಕೊಂಡೆ, ನೋಡು.

ಬಾಗಿಲ ಬೆಲ್ ಆಯ್ತು. ಇಷ್ಟು ಬೇಗ? ಹನ್ನೊಂದಾಗಿಲ್ಲ ಇನ್ನೂ... ಬಂದೆ ಅಂತ ಕೂಗ್ಲಾ? ಬೇಡ, ಒಂದು ನಿಮಿಷ ನಿಂತಿರಲಿ.

ಅಕ್ಕ? ಬೆರಳು ಎತ್ತಿದೆಯಾ? ನಿಧಾನ, ನಿಧಾನ... ಒತ್ತಿದೆ. ಚಕ್ರ ಸುತ್ತುತ್ತಿದೆ. ನಾನು ಏನೂ ಮುಟ್ಟಿಲ್ಲ. ಬರುತ್ತೆ, ತಾಳು. ನಾನೇನೂ ಹೇಳಲ್ಲ ಈ ಸಲ. ಅದೇ ತೋರಿಸ್ಲಿ.

‘ಲ’.

‘ಇರಲ’.

ಸರಿ. ಬ ಅಲ್ಲ. ‘ಇರಲು ಇಷ್ಟ’ ಅಂತಲೂ ಅಲ್ಲ ಇದು, ನಂಗೊತ್ತು. ಸರಿ.

ಮತ್ತೆ ಬೆಲ್ಲು. ಬಂದೆ, ಬಂದೆ... ಅಕ್ಕ, ಒಂದೇ ಮಾತು. ಬಾಗಿಲು ತೆಗೆದ ಮೇಲೆ ಕೇಳೋಕಾಗಲ್ಲ. ‘ಇರಲಾರೆ’ ಅಂತ ಬರಿ. ‘ಇರಲೊಲ್ಲೆ’ ಅಂತ ಬರೀಬೇಡ. ಆಗಲ್ಲ ಅಂತ ಬರಿ, ಮನಸ್ಸಿಲ್ಲ ಅಂತ ಬೇಡ. ಎರಡಕ್ಕೂ ‘ಲ’ ನೇ ತಾನೆ, ನಿಂಗೇನೂ ಅಳಿಸೋ ಕೆಲಸ ಇಲ್ಲ...

ನಾನು ನೋಡಲ್ಲ. ಬಾಗಿಲು ತೆಗೆದು ಅವರನ್ನ ಒಳಗೆ ಬಿಟ್ಟು ನಾನು ಮೆಟ್ಟಿಲ ಮೇಲೆ ಕೂತಿರ್ತೀನಿ.